ಗುಮಟೆ ಉಳಿಯಿತು, ತಂತಿ ತಡವಾಗಿ ಬಂತು

ಹೋಳಿ ಹುಣ್ಣಿಮೆ ಹತ್ತಿರವಾದಂತೆ ಬ್ರಹ್ಮಾವರ, ಬಾರಕೂರು, ಮಂದಾರ್ತಿ ಸುತ್ತಿನ ಹಳ್ಳಿಗಳಲ್ಲಿ ಕುಡುಬಿ ಸಮುದಾಯದವರ ಕುಣಿತ ಆರಂಭವಾಗುತ್ತದೆ. ಹೂವಿನಿಂದ ಸಿಂಗರಿಸಿದ ಮುಂಡಾಸು ಕಟ್ಟಿಕೊಂಡ ಗಂಡಸರ ತಂಡ ಮನೆಯಿಂದ ಮನೆಗೆ ಹೋಗಿ ಅಂಗಳದಲ್ಲಿ ಸುತ್ತು ಹಾಕಿ ಹಾಡುತ್ತದೆ. ಅವರ ಕೈಯಲ್ಲಿರುವ ವಾದ್ಯ ಗುಮಟೆ. ಮಣ್ಣಿನ ಕೊಡದಂಥ ಪಾತ್ರೆ. ಅದಕ್ಕೆ ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಚಿಕ್ಕ ಬಾಯಿ ತೆರೆದೇ ಇರುತ್ತದೆ. ಬಲಗೈ ಬೆರಳುಗಳು ಚರ್ಮದ ಮೇಲೆ ಆಡುವಾಗ ಎಡಗೈಯ ಅಂಗೈ ಚಿಕ್ಕ ಬಾಯನ್ನು ಮುಚ್ಚಿ ತೆರೆದು ನಾದವನ್ನು ಏರಿಸುತ್ತದೆ, ಇಳಿಸುತ್ತದೆ. ನೋಡುವುದಕ್ಕೆ ಸುಲಭ, ಕೈಗೆ ಹತ್ತುವುದಕ್ಕೆ ವರ್ಷಗಳು ಬೇಕು.

ಪೋರ್ಚುಗೀಸರ ಕಾಟ ತಾಳಲಾರದೆ ತಮ್ಮ ಹಿರಿಯರು ಗೋವೆಯನ್ನು ಬಿಟ್ಟು ಬಂದರೆಂಬುದು ಕುಡುಬಿಯವರ ನೆನಪು. ಬರುವಾಗ ದೇವರನ್ನೂ ಭಾಷೆಯನ್ನೂ ತಂದಂತೆ ಗುಮಟೆಯನ್ನೂ ತಂದರು. ಅದೇ ಗೋವೆಯಿಂದ ಅದೇ ಶತಮಾನಗಳಲ್ಲಿ ಬಂದ ಕೊಂಕಣಿ ಕ್ರೈಸ್ತರ ಮದುವೆ ಮನೆಗಳಲ್ಲಿಯೂ ಗುಮಟೆ ಇತ್ತು. ಮದುವೆಯ ಮುನ್ನಾದಿನ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ 'ರೋಸ್' ಶಾಸ್ತ್ರದಲ್ಲಿ ಹೆಂಗಸರು ಹಾಡುವ 'ವೋವಿಯೊ'ಗಳು ಇಂದಿಗೂ ಕೇಳಿಬರುತ್ತವೆ. ಗೋವೆಯ ಧರ್ಮವಿಚಾರಣಾ ಪೀಠ 1736ರಲ್ಲಿ ಇಂಥ ಮದುವೆ ಹಾಡುಗಳನ್ನು ನಿಷೇಧಿಸಿತ್ತು. ಅಲ್ಲಿ ಅಪರಾಧವೆನಿಸಿದ್ದು ಇಲ್ಲಿ ಸಂಪ್ರದಾಯವಾಗಿ ಉಳಿಯಿತು.

ಇಷ್ಟೆಲ್ಲ ಗೋವೆಯಿಂದ ಕುಂದಾಪುರದ ಕಡೆಗೆ ಹರಿದುಬಂದಿರುವಾಗ ಒಂದು ಪ್ರಶ್ನೆ ಏಳುತ್ತದೆ. ಪೋರ್ಚುಗೀಸರ ಹಡಗುಗಳಲ್ಲಿ ಮೆಣಸು, ತುಪಾಕಿ, ಶಿಲುಬೆಗಳ ಜೊತೆಗೆ ಇನ್ನೊಂದು ವಸ್ತುವೂ ಲೋಕ ಸುತ್ತುತ್ತಿತ್ತು: ಬೆರಳಿನಿಂದ ಮೀಟುವ, ಸೊಂಟ ಸಣ್ಣದಾದ 'ವಿಯೋಲಾ' ಎಂಬ ತಂತಿವಾದ್ಯ. ಇಂದಿನ ಗಿಟಾರಿನ ಹತ್ತಿರದ ಬಂಧು. ಅದು ಈ ಕರಾವಳಿಯಲ್ಲಿ ಏಕೆ ಬೇರೂರಲಿಲ್ಲ? ಚಂಡೆ, ಮದ್ದಳೆ, ಡೋಲು, ಕೊಂಬು, ಗುಮಟೆಗಳನ್ನು ಎಣಿಸಿ ಮುಗಿಸಿದರೂ ಈ ಸೀಮೆಯ ಜನಪದ ವಾದ್ಯಗಳ ಸಾಲಿನಲ್ಲಿ ಮೆಟ್ಟಿಲುಗಳಿರುವ ಮೀಟುವಾದ್ಯ ಒಂದೂ ಸಿಗುವುದಿಲ್ಲ. ಈಗ ಚರ್ಚಿನ ಗಾಯನ ತಂಡದಲ್ಲಿಯೋ ಕಾಲೇಜಿನ ವಾರ್ಷಿಕೋತ್ಸವದಲ್ಲಿಯೋ ಕಾಣುವ ಗಿಟಾರು ಪೋರ್ಚುಗೀಸರ ಕೈಯಿಂದ ನೇರವಾಗಿ ಬಂದದ್ದಲ್ಲ. ಅದು ನಾಲ್ಕು ಶತಮಾನ ತಡವಾಗಿ ಬೇರೆ ದಾರಿ ಹಿಡಿದು ಬಂತು.

ಅಕ್ಕಿಯ ಬಂದರು

ಪಂಚಗಂಗಾವಳಿಯ ಹಿನ್ನೀರಿನ ದಂಡೆಯಲ್ಲಿರುವ ಬಸರೂರು ಇಂದು ದೇವಸ್ಥಾನಗಳ, ತೆಂಗಿನ ತೋಟಗಳ ಸದ್ದಿಲ್ಲದ ಊರು. ಹದಿನಾರನೆಯ ಶತಮಾನದಲ್ಲಿ ಅದು ಪೋರ್ಚುಗೀಸರ ಕಾಗದಪತ್ರಗಳಲ್ಲಿ 'ಬಾರ್ಸೆಲೋರ್' ಎಂದು ಹೆಸರಾದ ಬಂದರು. ಬಾರಕೂರು ಅವರ ಬಾಯಲ್ಲಿ 'ಬಾಕನೂರ್'. ಇಲ್ಲಿಯ ಅಕ್ಕಿ ಗೋವೆಯ ಹೊಟ್ಟೆ ತುಂಬಿಸುತ್ತಿತ್ತು, ಅರಬ್ಬೀ ಸಮುದ್ರ ದಾಟಿ ಮಸ್ಕತ್, ಹೊರ್ಮುಜ್‌ಗಳನ್ನೂ ತಲಪುತ್ತಿತ್ತು. ಆ ಅಕ್ಕಿಗಾಗಿಯೇ 1569ರಲ್ಲಿ ವೈಸರಾಯ್ ಲೂಯಿಸ್ ದ ಅತಾಯ್ದೆ ದಂಡೆತ್ತಿ ಬಂದು ಕೋಟೆಯನ್ನು ವಶಪಡಿಸಿಕೊಂಡ. ಮರುವರ್ಷ, 1570ರಲ್ಲಿ, ಕುಂದಾಪುರದ ಹೋಲಿ ರೋಸರಿ ಇಗರ್ಜಿ ಸ್ಥಾಪನೆಯಾಯಿತು. ಸುಮಾರು ಎಂಬತ್ತು ವರ್ಷ ಕೋಟೆ ಪೋರ್ಚುಗೀಸರ ಕೈಯಲ್ಲಿತ್ತು. 1650ರ ದಶಕದ ಆರಂಭದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಈ ತೀರದಿಂದ ಹೊರಗಟ್ಟಿದ. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಬಸರೂರನ್ನು ಸೂರೆಮಾಡಿದ್ದು ಇನ್ನೊಂದು ಕಥೆ.

ಎಂಬತ್ತು ವರ್ಷ ಸಣ್ಣ ಅವಧಿಯೇನಲ್ಲ. ಆದರೆ ಕೋಟೆಯ ಒಳಗಿದ್ದವರು ಮುಖ್ಯವಾಗಿ ಸಿಪಾಯಿಗಳು, ದಾಸ್ತಾನುಗಾರರು, ಪಾದ್ರಿಗಳು. ಅಕ್ಕಿಯ ಲೆಕ್ಕ ನೋಡಿಕೊಂಡು ಇದ್ದು ಹೋದವರು. ಪೋರ್ಚುಗೀಸರ ತಂತಿವಾದ್ಯ ಎಲ್ಲೆಲ್ಲಿ ಬೇರು ಬಿಟ್ಟಿದೆಯೆಂದು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಬ್ರೆಜಿಲ್‌ನಲ್ಲಿ ಉಳಿಯಿತು. ಶ್ರೀಲಂಕೆಯ ಮಟ್ಟಕ್ಕಳಪ್ಪಿನ ಪೋರ್ಚುಗೀಸ್ ಸಂತತಿಯ ಬರ್ಗರ್ ಕುಟುಂಬಗಳ ನಡುವೆ ಉಳಿದು, ಅಲ್ಲಿನ 'ಬೈಲಾ' ಹಾಡುಗಳಿಗೆ ಮೂಲವಾಯಿತು. ಎಲ್ಲಕ್ಕಿಂತ ವಿಚಿತ್ರವಾದದ್ದು ಇಂಡೋನೇಷ್ಯದ ಜಕಾರ್ತದ ಬಳಿಯ ತುಗು ಎಂಬ ಹಳ್ಳಿಯ ಉದಾಹರಣೆ. 1661ರಲ್ಲಿ ಡಚ್ಚರು ಅಲ್ಲಿ ನೆಲೆಗೊಳಿಸಿದ 'ಮಾರ್ದೈಕರ್' ಎಂಬ ಜನರಲ್ಲಿ ಭಾರತದ ತೀರಗಳಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ಸಂತತಿ ಬಹಳ. ಪೋರ್ಚುಗೀಸ್ ಮಾತನಾಡುತ್ತಿದ್ದ, ಬಿಡುಗಡೆಗೊಂಡ ಈ ಗುಲಾಮರ ಮನೆಗಳಲ್ಲಿ ಪುಟ್ಟ ಗಿಟಾರು ಉಳಿದುಕೊಂಡು 'ಕ್ರೊಂಚೊಂಗ್' ಎಂಬ ಸಂಗೀತ ಪ್ರಕಾರವೇ ಹುಟ್ಟಿತು. ತುಗುವಿನಲ್ಲಿ ಅದನ್ನು ಈಗಲೂ ನುಡಿಸುತ್ತಾರೆ.

ಹಡಗು ವಾದ್ಯವನ್ನು ದಡಕ್ಕೆ ಮುಟ್ಟಿಸಬಹುದು, ಅಷ್ಟೇ. ಅದು ನಿಲ್ಲಬೇಕಾದರೆ ಮನೆ ಬೇಕು; ಸಂಜೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂರುವ ತಂದೆಯೋ ತಾಯಿಯೋ ಬೇಕು. ಕುಂದಾಪುರದ ಕ್ರೈಸ್ತರ ಮನೆಗಳು ಗೋವೆಯ ರೈತಾಪಿ ಮನೆಗಳ ಮುಂದುವರಿಕೆಯಾಗಿದ್ದವು. ಅವರು ತಂದದ್ದು ರೈತರ ವಾದ್ಯವನ್ನು. ಮೇಲಾಗಿ 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಹಲವಾರು ಇಗರ್ಜಿಗಳು ನೆಲಸಮವಾದವು. ಬದುಕುಳಿದವರು ಮರಳಿ ಬಂದು ಗದ್ದೆಗಳನ್ನು ಹಿಡಿದದ್ದು 1799ರ ನಂತರ. ಹದಿನೈದು ವರ್ಷಗಳ ಸೆರೆಯನ್ನು ದಾಟಿ ಹಾಡು ಬರಬಹುದು, ಮಣ್ಣಿನ ಮಡಕೆಯನ್ನು ಮತ್ತೆ ಮಾಡಿಕೊಳ್ಳಬಹುದು. ಬಡಗಿಯ ನಾಜೂಕು ಕೆಲಸ ಬೇಡುವ ತಂತಿವಾದ್ಯ ಹಾಗೆ ಬರುವುದಿಲ್ಲ.

ಕರುಳಿನ ತಂತಿ, ಆಷಾಢದ ಮಳೆ

ಇನ್ನೊಂದು ಕಾರಣವನ್ನೂ ಮರೆಯುವಂತಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಬೆರಳಿನಿಂದ ನುಡಿಸುವ ಗಿಟಾರಿನ ಮೇಲಿನ ತಂತಿಗಳನ್ನು ಕುರಿಯ ಕರುಳನ್ನು ಹುರಿಮಾಡಿ ತಯಾರಿಸುತ್ತಿದ್ದರು. ಕರುಳಿನ ತಂತಿಗೆ ತೇವವೆಂದರೆ ಆಗದು. ಗಾಳಿಯ ಪಸೆಯನ್ನು ಹೀರಿ ಉಬ್ಬುತ್ತದೆ, ಶ್ರುತಿ ತಪ್ಪುತ್ತದೆ, ಎಳೆ ಬಿಚ್ಚಿ ಹರಿದುಹೋಗುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆಸಾಡಿಯಲ್ಲಿ ಹಪ್ಪಳ ಡಬ್ಬಿಯೊಳಗೇ ಮೆತ್ತಗಾಗುವ ಊರಿನಲ್ಲಿ ಕರುಳಿನ ತಂತಿಯ ಗತಿ ಏನೆಂದು ಹೇಳಬೇಕಾಗಿಲ್ಲ. ವೀಣೆಗೆ ಈ ಕಷ್ಟ ಇರಲಿಲ್ಲ, ಅದರದು ಲೋಹದ ತಂತಿ.

ಎರಡನೆಯ ಮಹಾಯುದ್ಧ ಈ ತೊಡಕನ್ನು ಬಿಡಿಸಿತೆಂಬುದು ಸೋಜಿಗ. ಗಾಯಾಳುಗಳ ಹೊಲಿಗೆಗೆ ಕರುಳಿನ ದಾರ ಬೇಕಾದ್ದರಿಂದ ಗಿಟಾರಿಗೆ ತಂತಿಯೇ ಸಿಗದಾಯಿತು. ನ್ಯೂಯಾರ್ಕಿನ ವಾದ್ಯ ತಯಾರಕ ಆಲ್ಬರ್ಟ್ ಆಗಸ್ಟೀನ್ ನೈಲಾನ್ ಎಳೆಯನ್ನು ಗಿಟಾರಿಗೆ ಕಟ್ಟಿ ನೋಡಿದ. ಸ್ಪೇನಿನ ಮಹಾವಾದಕ ಆಂದ್ರೆಸ್ ಸೆಗೋವಿಯಾ ಅದನ್ನು ಒಪ್ಪಿದ. 1940ರ ದಶಕದ ಕೊನೆಯ ಹೊತ್ತಿಗೆ ನೈಲಾನ್ ತಂತಿ ಮಾರುಕಟ್ಟೆಗೆ ಬಂದು, ಕೆಲವೇ ವರ್ಷಗಳಲ್ಲಿ ಕರುಳನ್ನು ಮೂಲೆಗೊತ್ತಿತು. ಕುಂದಾಪುರದಂಥ ಊರಿನಲ್ಲಿ ಶಾಸ್ತ್ರೀಯ ಗಿಟಾರನ್ನು ಮಳೆಗಾಲದಲ್ಲೂ ಹಿಡಿದು ಕೂರುವುದು ಸಾಧ್ಯವಾದದ್ದು ಆ ಮೇಲೆಯೇ.

ಉಗುರೋ, ಬೆರಳ ತುದಿಯೋ

ಇಲ್ಲಿ ಒಂದು ವಿವರಣೆ ಅಗತ್ಯ. ಸಿನಿಮಾ ಹಾಡಿಗೆ ಪ್ಲಾಸ್ಟಿಕ್ ಬಿಲ್ಲೆ ಹಿಡಿದು ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸುವ ಉಕ್ಕಿನ ತಂತಿಯ ಗಿಟಾರೂ ಶಾಸ್ತ್ರೀಯ ಗಿಟಾರೂ ಒಂದೇ ಅಲ್ಲ. ಎರಡನೆಯದರಲ್ಲಿ ನೈಲಾನ್ ತಂತಿ, ಅಗಲವಾದ ಕತ್ತು, ಬರಿಗೈ. ಬಲಗೈಯ ಹೆಬ್ಬೆರಳು ಮಂದ್ರದ ತಂತಿಗಳನ್ನೂ ತೋರು, ನಡು, ಉಂಗುರ ಬೆರಳುಗಳು ಮೇಲಿನ ತಂತಿಗಳನ್ನೂ ಬೇರೆಬೇರೆಯಾಗಿ ಮೀಟುತ್ತವೆ. ಒಬ್ಬನೇ ಕೂತು ಹಾಡನ್ನೂ ಅದರ ಹಿಮ್ಮೇಳವನ್ನೂ ನುಡಿಸುವ ವಿದ್ಯೆ ಅದು.

ಈ ಕೈಚಳಕಕ್ಕೆ ಶಾಸ್ತ್ರ ಕಟ್ಟಿಕೊಟ್ಟವರು ಹತ್ತೊಂಬತ್ತನೆಯ ಶತಮಾನದವರು. ಇಟಲಿಯ ಮೌರೊ ಜೂಲಿಯಾನಿ ಬಲಗೈಗೆಂದೇ 120 ಅಭ್ಯಾಸಗಳನ್ನು ಬರೆದ. ಎಡಗೈಗೆ ಎರಡೇ ಸುಲಭ ಹಿಡಿತ ಕೊಟ್ಟು, ಬಲಗೈಯ ಬೆರಳುಗಳ ಸರದಿಯನ್ನು ನೂರಿಪ್ಪತ್ತು ಬಗೆಯಲ್ಲಿ ಬದಲಿಸಿದ್ದಾನೆ. ಸರಳೆ ವರಸೆ, ಜಂಟಿ ವರಸೆಗಳನ್ನು ಉರುಹೊಡೆದವರಿಗೆ ಇದರ ಮರ್ಮ ಥಟ್ಟನೆ ತಿಳಿಯುತ್ತದೆ. ಇಂದಿಗೂ ಹವ್ಯಾಸಿಗಳಿಗೆ ಅದಕ್ಕಿಂತ ಒಳ್ಳೆಯ ದಿನಚರಿ ಇಲ್ಲ.

ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಇಬ್ಬರು ಸ್ಪ್ಯಾನಿಷ್ ಗೆಳೆಯರ ಜಗಳವೊಂದು ಪ್ರಸಿದ್ಧವಾಗಿದೆ. ಫೆರ್ನಾಂದೊ ಸೋರ್ ಬೆರಳಿನ ಮಾಂಸದಿಂದಲೇ ಮೀಟಬೇಕು ಎನ್ನುವವನು. ದಿಯೊನಿಸಿಯೊ ಅಗ್ವಾದೊ ಉಗುರು ಬೆಳೆಸಿದವನು. ಉಗುರಿನ ನಾದ ಸೋರ್‌ಗೆ ಕರ್ಕಶ, ಬರಿಬೆರಳಿನ ನಾದ ಅಗ್ವಾದೊಗೆ ಮಂಕು. ವಾದ ಮುಗಿಯಲಿಲ್ಲ, ಸ್ನೇಹವೂ ಕೆಡಲಿಲ್ಲ. ಇಬ್ಬರೂ ಕೂತು ನುಡಿಸಲು ಸೋರ್ 'ಇಬ್ಬರು ಗೆಳೆಯರು' ಎಂಬ ಯುಗಳ ಕೃತಿಯನ್ನೇ ರಚಿಸಿದ. ಆಮೇಲೆ ಬಂದ ಫ್ರಾನ್ಸಿಸ್ಕೊ ತಾರ್ರೆಗಾ ಉಗುರಿನಿಂದ ನುಡಿಸಿ ಹೆಸರಾಗಿ, ಕೊನೆಯ ವರ್ಷಗಳಲ್ಲಿ ಉಗುರು ಕತ್ತರಿಸಿ ಬರಿಬೆರಳಿಗೆ ಬಂದ. ಈಗಿನವರಲ್ಲಿ ಹೆಚ್ಚಿನವರು ಉಗುರಿನ ಅಂಚು ಮತ್ತು ಬೆರಳ ತುದಿ ಎರಡೂ ತಾಗುವಂತೆ ನುಡಿಸುತ್ತಾರೆ. ಸ್ಪೇನಿನ ಬಡಗಿ ಅಂತೋನಿಯೊ ದ ತೋರ್ರೆಸ್ (1817–1892) ವಾದ್ಯದ ಹೊಟ್ಟೆಯನ್ನು ಹಿಗ್ಗಿಸಿ, ತಂತಿಯ ಉದ್ದವನ್ನು ಸುಮಾರು 65 ಸೆಂಟಿಮೀಟರಿಗೆ ನೆಲೆಗೊಳಿಸಿದ್ದರಿಂದ ತಾರ್ರೆಗಾನ ಈ ಪ್ರಯೋಗಗಳು ಸಭಾಂಗಣದ ಹಿಂದಿನ ಸಾಲಿಗೂ ಕೇಳಿಸುವಂತಾದವು.

ತಾರ್ರೆಗಾ ಹುಟ್ಟಿದ್ದು 1852ರಲ್ಲಿ. ಮೈಸೂರಿನ ವೀಣೆ ಶೇಷಣ್ಣನವರು ಹುಟ್ಟಿದ್ದೂ 1852ರಲ್ಲಿಯೇ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿದವರಲ್ಲ. ಆದರೆ ಇಬ್ಬರೂ ತಲೆಕೆಡಿಸಿಕೊಂಡ ವಿಷಯ ಹತ್ತಿರದ್ದೇ: ಮೀಟಿದ ಕ್ಷಣದಿಂದಲೇ ಸಾಯಲಾರಂಭಿಸುವ ನಾದವನ್ನು ಉಳಿಸಿಕೊಳ್ಳುವುದು ಹೇಗೆ? ವೈಣಿಕರು ಬಲಗೈಯ ತೋರು ಮತ್ತು ನಡು ಬೆರಳುಗಳನ್ನು ಒಂದಾದ ಮೇಲೊಂದರಂತೆ ಮೀಟುತ್ತಾರೆ, ಕಿರುಬೆರಳಿನಿಂದ ತಾಳದ ತಂತಿಗಳನ್ನು ನುಡಿಸುತ್ತಾರೆ. ಉಗುರೋ ಲೋಹದ ಮೀಟುಳಿಯೋ ಎಂಬ ಚರ್ಚೆ ಅವರಲ್ಲಿಯೂ ಉಂಟು. ಗಿಟಾರಿನಲ್ಲಿಯೂ ಸ್ವರಸಾಲನ್ನು ನುಡಿಸುವುದು ಅದೇ ತೋರು, ನಡು ಬೆರಳುಗಳ ಸರದಿಯಿಂದ. ಮೀಟಿದ ಬೆರಳು ಪಕ್ಕದ ತಂತಿಗೆ ಒರಗಿ ನಿಂತರೆ ನಾದ ದಪ್ಪ, ಒರಗದೆ ಅಂಗೈಯ ಕಡೆಗೆ ತೇಲಿದರೆ ನಾದ ತೆಳು. ಹಾಡಿಗೆ ಮೊದಲನೆಯದು, ಹಿಮ್ಮೇಳಕ್ಕೆ ಎರಡನೆಯದು. ಮನೆಯಲ್ಲಿ ವೀಣೆ ಕಲಿತ ಅಕ್ಕನಿದ್ದರೆ ಗಿಟಾರು ಕಲಿಯುವ ತಮ್ಮ ಬಲಗೈಯ ಮೊದಲ ಪಾಠವನ್ನು ಅವಳಿಂದಲೇ ಹೇಳಿಸಿಕೊಳ್ಳಬಹುದು.

ಎಡಗೈಯಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಎದ್ದು ನಿಂತಿರುತ್ತವೆ. ತಂತಿಯನ್ನು ಅಡ್ಡಕ್ಕೆ ಎಳೆದು ಒಂದೇ ಮೆಟ್ಟಿಲಿನಲ್ಲಿ ಹಲವು ಸ್ವರ ಹೊರಡಿಸಬಹುದು. ಗಮಕದ ಜೀವ ಇರುವುದು ಅಲ್ಲಿ. ಶಾಸ್ತ್ರೀಯ ಗಿಟಾರಿನ ಮೆಟ್ಟಿಲುಗಳು ಮರದಲ್ಲಿ ಹುದುಗಿವೆ, ನೈಲಾನ್ ತಂತಿ ಎಳೆದಷ್ಟು ಸ್ವರ ಏರಿಸುವುದಿಲ್ಲ. ಅಲ್ಲಿ ಹೆಬ್ಬೆರಳು ಕತ್ತಿನ ಹಿಂದೆ ಸುಮ್ಮನೆ ಆಧಾರವಾಗಿ ನಿಲ್ಲಬೇಕು. ಉಳಿದ ಬೆರಳುಗಳ ತುದಿ ಮೆಟ್ಟಿಲಿಗೆ ತೀರ ಸಮೀಪ, ಅದರ ಹಿಂಬದಿಯಲ್ಲಿ ಊರಬೇಕು. ಸಮೀಪ ಒತ್ತಿದಷ್ಟೂ ಬಲ ಕಡಿಮೆ ಸಾಕು. ಹೊಸಬರು ಮೆಟ್ಟಿಲುಗಳ ನಡುವೆ ಒತ್ತಿ, ಸ್ವರ ಗೊರಗೊರ ಎಂದಾಗ ಇನ್ನಷ್ಟು ಬಲ ಹಾಕುತ್ತಾರೆ. ಬೆರಳು ನೋಯುವುದು ಅಲ್ಲಿಂದ.

ಹಾರುವ ಚಿಗಟ

ಗಿಟಾರಿನ ಪುಟ್ಟ ತಂಗಿ ಯುಕುಲೇಲಿಯ ಕಥೆಗೂ ಬಸರೂರಿನ ಕಥೆಗೂ ಆರಂಭ ಒಂದೇ, ನಡೆದ ದಾರಿ ಮಾತ್ರ ತಿರುಗುಮುರುಗು. 1879ರ ಆಗಸ್ಟ್ ತಿಂಗಳಲ್ಲಿ 'ರೇವನ್ಸ್‌ಕ್ರಾಗ್' ಎಂಬ ಹಡಗು ಪೋರ್ಚುಗಲ್ಲಿನ ಮಡೈರಾ ದ್ವೀಪದಿಂದ ಹೊರಟವರನ್ನು ಹವಾಯಿಯ ಹೊನೊಲುಲುವಿಗೆ ತಂದಿಳಿಸಿತು. ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಬಂದ ನಾನೂರಕ್ಕೂ ಹೆಚ್ಚು ಜನ, ಹೆಂಡತಿ ಮಕ್ಕಳ ಸಮೇತ. ಅವರಲ್ಲಿ ಮೂವರು ಮರಗೆಲಸದವರಿದ್ದರು: ಮಾನುಯೆಲ್ ನೂನೆಸ್, ಅಗುಸ್ತೊ ದಿಯಾಸ್, ಜೋಸೆ ದೊ ಎಸ್ಪಿರಿತೊ ಸಾಂತೊ. ಕರಾರು ಮುಗಿದ ಮೇಲೆ ಅವರು ಹೊನೊಲುಲುವಿನಲ್ಲಿ ಅಂಗಡಿ ತೆರೆದು, ತಮ್ಮ ಊರಿನ ನಾಲ್ಕು ತಂತಿಯ ಪುಟ್ಟ 'ಮಶೇತ್' ವಾದ್ಯವನ್ನು ಹವಾಯಿಯ 'ಕೋವಾ' ಮರದಲ್ಲಿ ಮಾಡತೊಡಗಿದರು. ದೊರೆ ಕಲಾಕೌವಾ ಸ್ವತಃ ಅದರ ಅಭಿಮಾನಿಯಾಗಿ ಅರಮನೆಯ ಕುಣಿತಗಳಿಗೆ ಸೇರಿಸಿಕೊಂಡ. ಹವಾಯಿ ಮಾತಿನಲ್ಲಿ 'ಯುಕು' ಎಂದರೆ ಚಿಗಟ, 'ಲೇಲೆ' ಎಂದರೆ ಹಾರುವುದು. ನುಡಿಸುವವನ ಬೆರಳಿನ ಓಟ ನೋಡಿ ಇಟ್ಟ ಹೆಸರಂತೆ. 'ಬಂದ ಕಾಣಿಕೆ' ಎಂಬ ಇನ್ನೊಂದು ಅರ್ಥವನ್ನೂ ಹೇಳುತ್ತಾರೆ. 1893ರಲ್ಲಿ ಹವಾಯಿಯ ಅರಸೊತ್ತಿಗೆಯನ್ನು ಉರುಳಿಸಿದರು, 1898ರಲ್ಲಿ ಅಮೆರಿಕ ದ್ವೀಪಗಳನ್ನು ಸೇರಿಸಿಕೊಂಡಿತು. ವಾದ್ಯ ಮಾತ್ರ 1915ರ ಸ್ಯಾನ್‌ಫ್ರಾನ್ಸಿಸ್ಕೊ ಮಹಾಪ್ರದರ್ಶನದ ಮೂಲಕ ಅಮೆರಿಕವನ್ನೇ ಗೆದ್ದಿತು.

ಇದರ ಶ್ರುತಿ ನಮ್ಮವರಿಗೆ ಬಾಯಿಪಾಠ ಮಾಡಲು ಸುಲಭ. ಪಾಶ್ಚಾತ್ಯರ 'ಸಿ'ಯನ್ನು ಷಡ್ಜವೆಂದು ಹಿಡಿದರೆ ನಾಲ್ಕು ತಂತಿಗಳು ಕ್ರಮವಾಗಿ ಪ, ಸ, ಗ, ದ. ಶಂಕರಾಭರಣದ ಸ್ವರಸ್ಥಾನಗಳೇ. ಅದೇ ಲೆಕ್ಕದಲ್ಲಿ ಗಿಟಾರಿನ ಆರು ತಂತಿಗಳು ಗ, ದ, ರಿ, ಪ, ನಿ, ಗ. ಯುಕುಲೇಲಿಯ ಮೊದಲ ಪಂಚಮ ಕೆಳಗಿನದಲ್ಲ, ಷಡ್ಜಕ್ಕಿಂತ ಮೇಲಿನದು. ದಪ್ಪ ತಂತಿ ಇರಬೇಕಾದ ಜಾಗದಲ್ಲಿ ತೆಳು ತಂತಿ! ಇದು ಆಟಿಕೆಯ ಕೊರತೆಯೆಂದು ತಿಳಿದವರೇ ಹೆಚ್ಚು. ಆದರೆ ಹದಿನೇಳನೆಯ ಶತಮಾನದ ಐರೋಪ್ಯ ಗಿಟಾರಿನಲ್ಲಿಯೂ ಹೀಗೆಯೇ ಮೇಲಿನ ಶ್ರುತಿಯ ತಂತಿ ಕೆಳಗಿನದರ ಜಾಗದಲ್ಲಿ ಕೂರುತ್ತಿತ್ತು. ಒಂದರ ಪಕ್ಕದ ಸ್ವರವನ್ನು ಬೇರೆ ಬೇರೆ ತಂತಿಗಳಲ್ಲಿ ನುಡಿಸಿದಾಗ ಒಂದರ ಮೇಲೊಂದು ತೇಲಿ ಗಂಟೆಗಳ ಹಾಗೆ ಕೇಳುತ್ತವೆ. ಅಮೆರಿಕದ ಜಾನ್ ಕಿಂಗ್ (1953–2009) ಆ ಹಳೆಯ ಪದ್ಧತಿಯನ್ನೇ ಯುಕುಲೇಲಿಗೆ ತಂದು, ಅದರಲ್ಲಿ ಬಾಖ್‌ನ ಕೃತಿಗಳನ್ನು ನುಡಿಸಿ ತೋರಿಸಿದರು.

ಹವ್ಯಾಸಿಗೆ ಯುಕುಲೇಲಿಯ ಅನುಕೂಲ ಲೆಕ್ಕದಲ್ಲಿಯೇ ಇದೆ. ಗಿಟಾರಿನ ಮೊದಲ ಮೆಟ್ಟಿಲಿಗೆ ಸುಮಾರು ಮೂರೂವರೆ ಸೆಂಟಿಮೀಟರು ದೂರ. 35 ಸೆಂಟಿಮೀಟರು ತಂತಿಯ ಸಣ್ಣ ಯುಕುಲೇಲಿಯಲ್ಲಿ ಎರಡೇ ಸೆಂಟಿಮೀಟರು. ಗಿಟಾರಿನ ಆರು ತಂತಿಗಳು ಒಟ್ಟಾಗಿ ಸುಮಾರು 40 ಕಿಲೋ ತೂಕದಷ್ಟು ಎಳೆಯುತ್ತವೆ, ಯುಕುಲೇಲಿಯದು ಅದರ ಅರ್ಧಕ್ಕೂ ಕಡಿಮೆ. ಎಂಟು ವರ್ಷದ ಮಗುವಿನ ಬೆರಳಿಗೂ ಒಗ್ಗುತ್ತದೆ. ವಾದ್ಯವನ್ನು ಬಲ ಮುಂಗೈಯಿಂದ ಎದೆಗೆ ಮೆಲ್ಲಗೆ ಒತ್ತಿ ಹಿಡಿದು, ಕತ್ತು ಒಡಲಿಗೆ ಸೇರುವ ಕಡೆ ತೋರುಬೆರಳಿನಿಂದ ಬಾರಿಸಬೇಕು. ಕೆಳಗಿಳಿಯುವಾಗ ಉಗುರು, ಮೇಲೇರುವಾಗ ಬೆರಳಿನ ಮೆತ್ತನೆ ಭಾಗ. ಮೊಣಕೈಯಿಂದ ಬೀಸಿದರೆ ತೋಳು ಸೋಲುತ್ತದೆ, ಮಣಿಕಟ್ಟಿನಿಂದ ಆದರೆ ಸರಿ.

ಜಾರುವ ಸ್ವರದ ಹಟ

ಹವಾಯಿಯಿಂದಲೇ ಇನ್ನೊಂದು ವಿದ್ಯೆಯೂ ಹೊರಟಿತು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಲೋಹದ ಕಡ್ಡಿ ಜಾರಿಸಿ ನುಡಿಸುವುದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇದನ್ನು ಬೆಳೆಸಿದ ಕೀರ್ತಿ ಜೋಸೆಫ್ ಕೆಕುಕುಗೆ ಸಲ್ಲುತ್ತದೆ. ಅವನಿಗಿಂತ ಮೊದಲೇ ಗೇಬ್ರಿಯಲ್ ಡೇವಿಯನ್ ಎಂಬ, ಭಾರತದಲ್ಲಿ ಹುಟ್ಟಿದ ಹಡಗಿನ ಹುಡುಗ ಹೀಗೆ ನುಡಿಸುತ್ತಿದ್ದನೆಂಬ ಹೇಳಿಕೆಯೂ ಹವಾಯಿಯಲ್ಲಿದೆ. ಟೌ ಮೋ ಎಂಬ ವಾದಕನ ಕುಟುಂಬ 1929ರ ಸುಮಾರಿಗೆ ಭಾರತಕ್ಕೆ ಬಂದು, 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ವರ್ಷಗಟ್ಟಲೆ ನೆಲೆಸಿ ಈ ವಿದ್ಯೆಯನ್ನು ಹರಡಿತು. ಭಾರತೀಯ ಕಿವಿ ಅದನ್ನು ಕೂಡಲೇ ಗುರುತು ಹಿಡಿಯಿತು. ಬ್ರಿಜಭೂಷಣ ಕಾಬ್ರಾ ಅದರಲ್ಲಿ ಹಿಂದೂಸ್ತಾನಿ ರಾಗ ನುಡಿಸಿದರು. ವಿಶ್ವಮೋಹನ ಭಟ್ಟರ ಮೋಹನವೀಣೆಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು.

ಮೆಟ್ಟಿಲಿನ ಗಿಟಾರಿಗೆ ಸಿಗದ ಮರ್ಯಾದೆ ಜಾರುವ ಗಿಟಾರಿಗೆ ಸಿಕ್ಕಿದ್ದು ಆಕಸ್ಮಿಕವೇನಲ್ಲ. ನಮ್ಮಲ್ಲಿ ಪರಕೀಯ ವಾದ್ಯಗಳ ಸ್ವೀಕಾರ ಬಹುಮಟ್ಟಿಗೆ ಈ ಒಂದು ಪರೀಕ್ಷೆಯ ಮೇಲೆಯೇ ನಿಂತಿದೆ: ಸ್ವರದಿಂದ ಸ್ವರಕ್ಕೆ ಜಾರಲು ಬರುತ್ತದೆಯೇ? ಪಿಟೀಲಿಗೆ ಮೆಟ್ಟಿಲೇ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ ಕರ್ನಾಟಕ ಸಂಗೀತದ ಮನೆಮಗನಾಯಿತು. ಸ್ವರ ನಿಶ್ಚಲವಾದ ಹಾರ್ಮೋನಿಯಂ ಅನ್ನು ಆಕಾಶವಾಣಿ 1940ರಿಂದ 1971ರವರೆಗೆ ಹೊರಗೇ ಇಟ್ಟಿತ್ತು. ಬ್ರಹ್ಮಾವರ ತಾಲ್ಲೂಕಿನ ಕೋಟದಲ್ಲಿ ಹುಟ್ಟಿದ ಡಾ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯ ಪ್ರಯೋಗಗಳಲ್ಲಿ ಭಾಗವತರ ಪಕ್ಕಕ್ಕೆ ತಂದು ಕೂರಿಸಿದ್ದು ಪಿಟೀಲು ಮತ್ತು ಸ್ಯಾಕ್ಸೊಫೋನ್. ಸಂಪ್ರದಾಯವಾದಿಗಳು ಹುಬ್ಬು ಗಂಟಿಕ್ಕಿದರು. ಕಾರಂತರ ಆಯ್ಕೆಯನ್ನು ಈಗ ನೋಡಿದರೆ ಅದರಲ್ಲಿ ಲೆಕ್ಕಾಚಾರ ಕಾಣುತ್ತದೆ. ಎರಡೂ ಭಾಗವತರ ಏರುಕಂಠದ ಎಳೆಯನ್ನು ಹಿಡಿದು ಹೋಗಬಲ್ಲ ವಾದ್ಯಗಳು. ಗಿಟಾರಿಗೆ ಆ ರಂಗದಲ್ಲಿ ಅವರು ಜಾಗ ಹುಡುಕಲಿಲ್ಲ.

ಹಾಗಾದರೆ ಗಿಟಾರು ಕುಂದಾಪುರಕ್ಕೆ ಬಂದದ್ದು ಯಾವ ಬಾಗಿಲಿನಿಂದ? ಎರಡು ಬಾಗಿಲುಗಳಿಂದ. ಒಂದು, ಸಿನಿಮಾ ಮತ್ತು ಕೊಂಕಣಿ ಹಾಡು. ಮುಂಬಯಿಯ ಚಿತ್ರಸಂಗೀತಕ್ಕೆ ಆಂಥೊನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜ ಅವರಂಥ ಗೋವೆಯ ಕಲಾವಿದರು ಪಾಶ್ಚಾತ್ಯ ವಾದ್ಯಮೇಳವನ್ನು ಹೊಂದಿಸಿಕೊಟ್ಟರು. ಮಂಗಳೂರಿನ ವಿಲ್ಫಿ ರೆಬಿಂಬಸ್ (1942–2010) ಅವರ 'ವಿಲ್ಫಿ ನೈಟ್'ಗಳು ಕೊಂಕಣಿ ಹಾಡನ್ನು ವೇದಿಕೆಗೆ ತಂದವು. ಎರಡನೆಯದು ಇಗರ್ಜಿಯೇ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಹೊರಡಿಸಿದ ಪೂಜಾವಿಧಿಯ ಶಾಸನ ಲ್ಯಾಟಿನ್ ಜೊತೆಗೆ ಜನರ ಮಾತಿಗೂ, ಆರ್ಗನ್ನಿನ ಜೊತೆಗೆ ಇತರ ವಾದ್ಯಗಳಿಗೂ ದಾರಿ ತೆರೆಯಿತು. ಪೂಜೆ ಕೊಂಕಣಿಗೆ, ಕನ್ನಡಕ್ಕೆ ತಿರುಗಿತು. ಹೊಸ ಹಾಡುಗಳಿಗೆ ಹಗುರವಾದ ವಾದ್ಯ ಬೇಕಾಯಿತು. 1570ರಲ್ಲಿ ಬಾರದ್ದು ಹೀಗೆ ನಾಲ್ಕು ಶತಮಾನಗಳ ನಂತರ ಬಂತು.

ಆದರೆ ಬಂದದ್ದು ಬಾರಿಸುವ ಗಿಟಾರು, ಮೀಟುವ ಗಿಟಾರಲ್ಲ. ಗಾಯನಕ್ಕೆ ತಾಳ ಕೊಡುವುದಷ್ಟೇ ಅದರ ಕೆಲಸ. ಮೂರು ನಾಲ್ಕು ಹಿಡಿತ ಕಲಿತರೆ ಭಾನುವಾರದ ಪೂಜೆ ದಾಟುತ್ತದೆ. ಅಲ್ಲಿಗೆ ನಿಲ್ಲುವವರೇ ಬಹಳ. ಬೆರಳುಗಳನ್ನು ಬೇರೆಬೇರೆಯಾಗಿ ದುಡಿಸುವ ಪಾಠ ಬೇಕಾದವರು ಉಡುಪಿಗೋ ಮಂಗಳೂರಿಗೋ ಬಸ್ಸು ಹತ್ತುತ್ತಿದ್ದರು. ಈಗ ಮೊಬೈಲಿನ ಪರದೆ ನೋಡಿ ಕಲಿಯುತ್ತಾರೆ. ಪರದೆ ಬಗ್ಗಿದ ಮಣಿಕಟ್ಟನ್ನು ನೆಟ್ಟಗೆ ಮಾಡುವುದಿಲ್ಲವೆಂಬುದು ಅದರ ದೊಡ್ಡ ಕುಂದು.

ಮಳೆಯಂತೂ ಮೊದಲಿನಂತೆಯೇ ಇದೆ. ತಂತಿ ನೈಲಾನ್ ಆದರೂ ಒಡಲು ಮರದ್ದೇ. ಗಾಳಿಯಲ್ಲಿ ಅರ್ಧದಷ್ಟು ತೇವಾಂಶವಿದ್ದರೆ ಗಿಟಾರಿಗೆ ಹಿತ. ಇಲ್ಲಿ ಆಷಾಢದಲ್ಲಿ ಅದು ಶೇಕಡ 90 ಮುಟ್ಟುತ್ತದೆ. ಮುಖದ ಹಲಗೆ ಉಬ್ಬುತ್ತದೆ, ಕುದುರೆ ಏಳುತ್ತದೆ, ತಂತಿ ಮೆಟ್ಟಿಲಿನಿಂದ ದೂರ ಸರಿಯುತ್ತದೆ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿ ಮೂರು ನಾಲ್ಕು ಮಿಲಿಮೀಟರು ಎತ್ತರವಿರಬೇಕಾದ್ದು ಐದಾರಕ್ಕೆ ಏರಿದರೆ ಕಲಿಯುವ ಹುಡುಗನ ಬೆರಳು ಕೆಂಪಾಗುತ್ತದೆ. ತನ್ನ ಕೈಗೇ ಈ ವಿದ್ಯೆ ಒಗ್ಗದೆಂದು ಅವನು ಸೋಣೆ ತಿಂಗಳಿಗೆ ಮುಂಚೆಯೇ ವಾದ್ಯವನ್ನು ಅಟ್ಟಕ್ಕೆ ಹಾಕುತ್ತಾನೆ. ತಪ್ಪು ಕೈಯದಲ್ಲ. ವಾದ್ಯವನ್ನು ಹೊರಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಔಷಧದ ಡಬ್ಬಿಗಳಲ್ಲಿ ಬರುವಂಥ ಸಿಲಿಕಾ ಹರಳಿನ ಚೀಲಗಳನ್ನು ಜೊತೆಗಿರಿಸಿ, ಅವುಗಳನ್ನು ಆಗಾಗ ಬದಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಎತ್ತರ ಇಳಿಯದಿದ್ದರೆ ಕುದುರೆಯ ಮೇಲಿನ ಬಿಳಿಯ ಪಟ್ಟಿಯ ಅಡಿಭಾಗವನ್ನು ತುಸು ಉಜ್ಜಿಸಬಹುದು. ಆ ಕೆಲಸವನ್ನು ತಿಳಿದವರಿಂದಲೇ ಮಾಡಿಸಬೇಕು.

ಬೈಂದೂರು ತಾಲ್ಲೂಕಿನ ಕೊಲ್ಲೂರಿನಲ್ಲಿ ಮೂಕಾಂಬಿಕೆಯ ಸನ್ನಿಧಿಯ ಸರಸ್ವತಿ ಮಂಟಪಕ್ಕೆ ಕಲಿಯುವವರು ತಮ್ಮ ಮೊದಲ ಹಾಡನ್ನು, ಮೊದಲ ವಾದನವನ್ನು ಒಪ್ಪಿಸಲು ದೂರದೂರದಿಂದ ಬರುತ್ತಾರೆ. ಗಾಯಕ ಯೇಸುದಾಸ್ ಹಲವು ದಶಕ ತಮ್ಮ ಹುಟ್ಟುಹಬ್ಬವಾದ ಜನವರಿ 10ರಂದು ಅಲ್ಲಿಗೆ ಬಂದು ಹಾಡಿದವರು. ಇತ್ತ ಬಸರೂರಿನ ಹೆಸರು ಈಗ ದೇಶಕ್ಕೆ ಗೊತ್ತಿರುವುದು ಅಕ್ಕಿಯಿಂದಲ್ಲ, 'ಕೆಜಿಎಫ್' ಚಿತ್ರಕ್ಕೆ ಸಂಗೀತ ಕೊಟ್ಟ ರವಿ ಬಸ್ರೂರು ಊರಿನ ಹೆಸರನ್ನೇ ತಮ್ಮ ಹೆಸರಿಗೆ ಅಂಟಿಸಿಕೊಂಡಿದ್ದರಿಂದ.

ಗುಮಟೆಯೂ ಹಳೆಯ ರೂಪದಲ್ಲಿಯೇ ಉಳಿದಿಲ್ಲ. ಅದರ ಬಾಯಿಗೆ ಬಿಗಿಯುತ್ತಿದ್ದದ್ದು ಉಡದ ಚರ್ಮ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಉಡದ ಬೇಟೆಯನ್ನು ನಿಷೇಧಿಸಿತು. ಗೋವೆಯಲ್ಲಿ ಮೇಕೆಯ ಚರ್ಮ ಬಿಗಿದ ಗುಮಟೆಗಳು ಬಳಕೆಗೆ ಬಂದ ಮೇಲೆ 2019ರಲ್ಲಿ ಅಲ್ಲಿನ ಸರ್ಕಾರ ಅದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು. ನಾದ ಮೊದಲಿನಷ್ಟು ಮೊನಚಿಲ್ಲವೆಂದು ಹಳಬರ ದೂರು. ಕರುಳಿನ ತಂತಿ ಹೋಗಿ ನೈಲಾನ್ ಬಂದಾಗ ಗಿಟಾರು ವಾದಕರಲ್ಲಿಯೂ ಕೆಲವರು ಇದೇ ಮಾತು ಹೇಳಿದ್ದರು.